ಉಪವಾಸದ ಸಾಬೂದಾನಿ

ನೀರು ಬಿಟ್ಟು ಬೇರೇನೂ ಕೊಡಬೇಡ ಎಂದು ತಂಗಿ ಹೇಳಿದ್ದಳು. ಆ ಮಾತನ್ನು ನಾನು ಯಾರಿಗೂ ಮುಟ್ಟಿಸಲಿಲ್ಲ.

2004ರಲ್ಲಿ ನಾನು ಕೊಂಡಾಪುರದ ಒಂದು ಸಾಫ್ಟ್‌ವೇರ್ ಆಫೀಸಿನ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳು. ಕೈಕೆಳಗೆ ಹನ್ನೊಂದು ಜನ, ಎಲ್ಲರೂ ಕಲಬುರಗಿ, ಯಾದಗಿರಿ ಕಡೆಯವರು. ತಂಗಿ ಶಾಂತಾ ಲಿಂಗಂಪಲ್ಲಿಯ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಟೆಕ್ನಿಷಿಯನ್. ನನ್ನ ಶಾಲೆ ನಾಲ್ಕನೇ ಇಯತ್ತೆಗೇ ನಿಂತಿತ್ತು. ಆಗ ಕೂಸಾಗಿದ್ದ ಅವಳನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು.

ಕ್ಯಾಂಟೀನಿನವರ ರಕ್ತದಲ್ಲಿ ಕೊಬ್ಬು ಎಷ್ಟಿದೆ ಎಂದು ನೋಡುವ ಕ್ಯಾಂಪ್ ಶಾಂತಾಳ ಪಾಲಿಗೆ ಬಂತು. ಹಿಂದಿನ ದಿನ ಬಿಳಿ ಕೋಟು ತೊಟ್ಟು, ನನ್ನ ಒಲೆಯ ಮುಂದೆಯೇ ನಿಂತು ಪಾಠ ಮಾಡಿದಳು. ಎಣ್ಣೆ, ತುಪ್ಪವೆಲ್ಲ ಟ್ರೈಗ್ಲಿಸರೈಡ್. ಮೈ ಅದನ್ನು ಮುಂದಿನ ಹಸಿವಿಗೆ ಕೂಡಿಡುತ್ತದೆ. ಮೊಟ್ಟೆಯ ಹಳದಿಯಲ್ಲಿರುವ ಫಾಸ್ಫೊಲಿಪಿಡ್‌ನಿಂದಲೇ ಪ್ರತಿ ಜೀವಕೋಶದ ಪೊರೆ. ಕೊಲೆಸ್ಟರಾಲ್ ಇಲ್ಲದೆ ಎಷ್ಟೋ ಹಾರ್ಮೋನುಗಳಿಲ್ಲ, ಹೆಚ್ಚಾದರೆ ರಕ್ತನಾಳ ಕಟ್ಟುತ್ತದೆ. ಎಲೆಕೋಸಿನ ಮೇಲೆ ನೀರು ಚಿಮುಕಿಸಿ, ಹನಿ ಜಾರುವುದನ್ನು ತೋರಿಸಿ, “ಇದು ಮೇಣ. ಇದೂ ಲಿಪಿಡ್, ಅಂದ್ರ ಕೊಬ್ಬಿನ ಜಾತೀದ” ಎಂದಳು.

“ನಮ್ಮ ಅಕ್ಕಾರಿಗೆ ಯಾವ ಕೊಬ್ಬು ಭಾಳ ಐತ್ರಿ, ಮೇಡಂ?” ಎಂದಳು ಪಾತ್ರೆ ತೊಳೆಯುವ ಬಸಮ್ಮ. ಎಲ್ಲರೂ ನಕ್ಕರು. ಶಾಂತಾಳೂ ನಕ್ಕಳು. ವರ್ಷಗಟ್ಟಲೆ ಅದೇ ಎಣ್ಣೆ ಕಾಯಿಸಿದ ನಾನು ಅಕ್ಕಾರು. ಒಂದೇ ಗಂಟೆಯಲ್ಲಿ ಅವಳು ಮೇಡಂ.

ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದಳು. “ಅಕ್ಕಾ, ಹನ್ನೆರಡು ತಾಸು ಖಾಲಿ ಹೊಟ್ಟಿ ಇರಬೇಕು. ನೀರಷ್ಟ. ಇದು ಚಲೋ ಆದ್ರ ನನ್ನ ಪರ್ಮನೆಂಟ್ ಮಾಡ್ತಾರ.”

ನಾನು ಎಲ್ಲರಿಗೂ ಹೇಳಿದ್ದು ಇಷ್ಟೇ: “ನಾಳೆ ಉಪ್ಪಾಸ ಇರ್ರಿ.” ನಮ್ಮ ಕಡೆ ಉಪವಾಸವೆಂದರೆ ಅನ್ನ, ರೊಟ್ಟಿ ಬಿಡುವುದು, ಸಾಬೂದಾನಿಯಂಥ ಫರಾಳದ ತಿಂಡಿಗೆ ಅಡ್ಡಿಯಿಲ್ಲ. ಬೆಳಿಗ್ಗೆ ಏಳಕ್ಕೆ ತುಪ್ಪ, ಶೇಂಗಾಪುಡಿ ಸುರಿದು ಸಾಬೂದಾನಿ ಖಿಚಡಿ ಮಾಡಿ ನಾನೇ ಬಡಿಸಿದೆ. ಹತ್ತಕ್ಕೆ ಬಂದ ಶಾಂತಾ, “ಎಲ್ಲಾರೂ ಉಪ್ಪಾಸ ಅದೀರಿಲ್ರೀ?” ಎಂದು ಕೇಳಿದಳು. “ಹೌದ್ರೀ ಮೇಡಂ” ಎಂದರು, ಪ್ರಾಮಾಣಿಕವಾಗಿ. ನಾನು ಒಲೆ ಒರೆಸುತ್ತಿದ್ದೆ.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ ಸೀರಂ ಎನ್ನುತ್ತಾರೆ. ಲ್ಯಾಬಿನಲ್ಲಿ, ಬೆಳಿಗ್ಗೆ ತಿಂದ ತುಪ್ಪದ ಕೊಬ್ಬಿನಿಂದ, ಹಲವು ಟ್ಯೂಬುಗಳ ಸೀರಂ ಮಜ್ಜಿಗೆಯಂತೆ ಬೆಳ್ಳಗಿತ್ತು. ಪರೀಕ್ಷೆ ರದ್ದಾಯಿತು. ಪರ್ಮನೆಂಟ್ ಕೆಲಸ ಬೇರೊಬ್ಬಳಿಗೆ ಸಿಕ್ಕಿತು.

ಬಸಮ್ಮನಿಂದ ಸಾಬೂದಾನಿಯ ಸುದ್ದಿ ತಿಳಿದು ಶಾಂತಾ ನನ್ನ ಬಳಿ ಬಂದಳು. “ನನಗ ತಿಳೀಲಿಲ್ಲವ್ವಾ. ನಾ ಸಾಲಿ ಕಲತಾಕಿ ಅಲ್ಲ” ಎಂದೆ. ಅವಳು ಅತ್ತಳು. “ನಂದ ತಪ್ಪಕ್ಕಾ. ಉಪ್ಪಾಸ ಅಂತ ಕೇಳಬಾರದಿತ್ತು.” ಬೆನ್ನು ಸವರಿದೆ. ಒಳಗೆ ತಂಪಾಗಿತ್ತು, ಅದನ್ನೂ ಬರೆಯಲೇಬೇಕು.

ಆ ತಂಪು ವಾರವೂ ಉಳಿಯಲಿಲ್ಲ. ಬಡಿಸುವ ಕೈಯನ್ನು ಯಾರೂ ಅನುಮಾನಿಸುವುದಿಲ್ಲ. ಅದಕ್ಕೇ ಆ ಕೈ ಶುದ್ಧವಾಗಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಅದೊಂದೇ.

ವರ್ಷಗಳ ನಂತರ ಡಾಕ್ಟರು ನನಗೇ ಅದೇ ಕೊಬ್ಬಿನ ಪರೀಕ್ಷೆ, ಲಿಪಿಡ್ ಪ್ರೊಫೈಲ್, ಬರೆದುಕೊಟ್ಟರು. ಸೂಜಿ ಹಿಡಿದ ಶಾಂತಾ ನಕ್ಕಳು. “ಸಾಬೂದಾನಿ ತಿಂದಿಲ್ಲಲ್ಲಾ, ಅಕ್ಕಾ?”

ನನಗೆ ನಗು ಬರಲಿಲ್ಲ.

“ಅವತ್ತ ನನಗ ತಿಳಿದಿತ್ತು, ಶಾಂತಾ. ಬೇಕಂತನ ತಿನಿಸಿದೆ. ನಿನಗ ಮೇಡಂ ಅಂದ್ರಲ್ಲ, ಹೊಟ್ಟಿ ಉರೀತು. ತಪ್ಪಾತವ್ವಾ, ಕ್ಷಮಾ ಮಾಡು.”