ಬೇವಿನ ಮರದ ತನಕ

ಮಿಲ್ಲಿನಿಂದ ತಂದ ರಾಗಿ ಹಿಟ್ಟು ಇನ್ನೂ ಬಿಸಿಯಾಗಿತ್ತು. ಆರಲು ಹರಡಬೇಕೆಂದು ಸೊಸೆ ಅಟ್ಟದ ಮೇಲಿಂದ ಒಂದು ಅಗಲವಾದ ಹಿತ್ತಾಳೆ ಹರಿವಾಣ ಇಳಿಸಿ, ಒರೆಸಿ, ಹಿಟ್ಟು ಸುರಿದಳು. ಆ ವಾಸನೆ, ಆ ಹರಿವಾಣ, ಎರಡೂ ಒಟ್ಟಿಗೆ...

"ಯಾರ್ದು ಮಾವ ಇದು, ಇಷ್ಟು ದೊಡ್ಡದು?" ಅಂದಳು. ನಾನು ಬಗ್ಗಿ ಹಿಟ್ಟು ಹರಡತೊಡಗಿದೆ.

ಅದು ನಮ್ಮ ಶಾಲೆಯಲ್ಲಿ ಬೆಲ್ಲು ಹೊಡೆಯುತ್ತಿದ್ದ ತಾತನದು. ಬೆಸಗರಹಳ್ಳಿ ಕಡೆಯ ಊರು. ನಾನು ಮೇಷ್ಟ್ರು, ಅವರು ಜವಾನ. ಅವರ ಮನೆ ಊರಾಚೆಯ ಕೇರಿಯಲ್ಲಿ. ನಾನು ಒಳಗೆ ಬಂದರೆ ಅಷ್ಟು ವಯಸ್ಸಾದವರು ಎದ್ದು ನಿಲ್ಲುತ್ತಿದ್ದರು. ವಾರದ ಆರು ದಿನ ಹೀಗೆ. ಭಾನುವಾರ ಮಧ್ಯಾಹ್ನ ಮಾತ್ರ ಎಲ್ಲ ತಿರುವುಮುರುವು. ಗೆಜ್ಜಲಗೆರೆಯ ಹಿಟ್ಟಿನ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಅವರು ಕೂರುತ್ತಿದ್ದರು, ನಾನು ಅವರ ಪಾದಕ್ಕೆ ಹಣೆ ಹಚ್ಚುತ್ತಿದ್ದೆ. ಅಲ್ಲಿ ಅವರು ಗುರು. ಮಿಲ್ಲಿನ ಯಜಮಾನನೂ ಸೇರಿ ನಾವು ಎಂಟು ಜನ ಗುರುಮಕ್ಕಳು.

ಆ ಬೋಧೆಯ ದಾರಿ ಮಳವಳ್ಳಿ ಕಡೆಯಿಂದ ಬಂದದ್ದಂತೆ. ತಾತನ ಗುರು ಕಂಬಳಿ ನೇಯುವವರು, ಅವರ ಗುರು ಬಟ್ಟೆ ಒಗೆಯುವವರು, ಅದಕ್ಕೂ ಹಿಂದೆ ಹೊಳೆ ದಾಟಿ ಬಂದ ಯಾರೋ ಒಬ್ಬರು... ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗ್ರಂಥವಿಲ್ಲ, ಗುಡಿಯಿಲ್ಲ. ಬೋಧೆ ಬಾಯಿಂದ ಕಿವಿಗೆ ಬರಬೇಕು, ಅಲ್ಲೇ ನಿಲ್ಲಬೇಕು.

ನನಗೆ ಬೋಧೆಯಾದ ದಿನ ಬಾಗಿಲಲ್ಲೇ ತಡೆದು, ಏನು ತಂದಿದ್ದೀಯ ಎಂದು ಕೇಳಿದರು. ಏನೂ ಇಲ್ಲ ಎನ್ನುವುದು ಪದ್ಧತಿ, ಹಾಗೇ ಅಂದೆ. ಕರಿ ಕಂಬಳಿ ಹೊದಿಸಿದರು. ಒಳಗೆ ಕತ್ತಲು, ಉಣ್ಣೆಯ ವಾಸನೆ, ಕಿವಿಯ ಹತ್ತಿರ ತಾತನ ಉಸಿರು. ಆ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಂಬಳಿ ತೆಗೆದ ಮೇಲೆ ಹೇಳಿದ್ದನ್ನು ಬರೆಯಬಹುದು.

"ಕಂಬ್ಳಿ ಒಳಿಕ್ಕೆ ಓದೋನು ಸತ್ತ ಕನಪ್ಪ. ಈಚಿಗ್ ಬಂದೋನು ಈಗ ಉಟ್ಟವ್ನೆ. ಅವ್ನಿಗ್ ಯಾವ್ ಕುಲ? ಬಾ, ಉಣ್ಣು."

ಒಂದೇ ಹರಿವಾಣದಲ್ಲಿ ಮುದ್ದೆ, ಅವರೆಕಾಳು ಸಾರು. ಒಂಬತ್ತು ಕೈ. ಅಂಥ ರುಚಿ ನಾನು ಮತ್ತೆಲ್ಲೂ ಉಂಡಿಲ್ಲ. ಉಂಡು, ಬಾಯಿ ಒರೆಸಿಕೊಂಡು, ಒಬ್ಬೊಬ್ಬರಾಗಿ ಹಿಂಬಾಗಿಲಿಂದ ಹೊರಡುತ್ತಿದ್ದೆವು. ಬೀದಿಯಲ್ಲಿ ಸಿಕ್ಕರೆ ತಾತನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಕೆಲಸದಿಂದ ಬಿಡುಗಡೆಯಾದ ವರ್ಷ ತಾತ ಹೊಸ ಮನೆ ಕಟ್ಟಿದರು. ಒಂದು ಭಾನುವಾರ ಊಟವಾದ ಮೇಲೆ ನಮ್ಮೆಲ್ಲರನ್ನೂ ಮನೆ ಒಕ್ಕಲಿನ ಊಟಕ್ಕೆ ಕರೆದರು.

"ಇಲ್ಲಿ ಬಾಗ್ಲಾಕ್ಕೊಂಡು ಉಂಡಿದ್ದು ಸಾಕು ಕನ್ರಪ್ಪ. ನನ್ ಮನೇಲಿ ಬಾಗ್ಲು ತಗ್ದು ಉಣ್ಣವ."

ಎಲ್ಲರೂ ತಲೆಯಾಡಿಸಿದೆವು. ಆ ದಿನ ಬಂದಾಗ ಮಿಲ್ಲಿನವನಿಗೆ ನೆಂಟರು ಬಂದಿದ್ದರಂತೆ. ಇನ್ನೊಬ್ಬನ ಗದ್ದೆಗೆ ಅವತ್ತೇ ನಾಲೆ ನೀರಿನ ಸರದಿ. ಮಿಕ್ಕವರು ನೆಪವನ್ನೂ ಹೇಳಲಿಲ್ಲ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಕೇರಿಯ ತಿರುವಿನಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಟೀ ಅಂಗಡಿ. ಬೆಂಚಿನ ಮೇಲೆ ನಮ್ಮ ಬೀದಿಯ ಇಬ್ಬರು ಹಿರಿಯರು. ಅಲ್ಲಿಂದ ತಾತನ ಮನೆಯ ಮಾವಿನ ತೋರಣ ಕಾಣುತ್ತಿತ್ತು.

"ಏನ್ ಮೇಷ್ಟ್ರೇ, ಇತ್ತಗೆ?"

ಬಸ್ಸಿಗೆ ಅಂದೆ.

"ಬಸ್ಸು ಅತ್ತಗಲ್ವಾ?" ಎಂದು ಒಬ್ಬರು ನಕ್ಕರು.

ತಿರುಗಿದೆ. ಬಂದ ಬಸ್ಸು ಹತ್ತಿ, ಏನೂ ಕೆಲಸವಿಲ್ಲದ ಮದ್ದೂರಿಗೆ ಹೋಗಿ, ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದು ಸಂಜೆ ವಾಪಸ್ಸು ಬಂದೆ.

ಮುಂದಿನ ಭಾನುವಾರ ತಾತ ಬಂದರು. ಬೈಯಲಿಲ್ಲ. ಕೈಯಲ್ಲಿ ಪೇಪರ್ ತಟ್ಟೆಯ ಕಟ್ಟು ಇತ್ತು. ಬಿಚ್ಚಿ, ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟು, ತಾವೇ ಬಡಿಸಿದರು.

"ಇನ್ಮ್ಯಾಕೆ ಇಂಗೇ ಉಣ್ಣಿ. ಯಾರ್ದೂ ಎಂಜ್ಲಾಗಕಿಲ್ಲ."

ಎಂಟು ಜನರಲ್ಲಿ ಒಬ್ಬನಾದರೂ ಆ ತಟ್ಟೆ ಸರಿಸಬೇಕಿತ್ತು. ತಲೆ ತಗ್ಗಿಸಿ ಉಂಡೆವು. ಆಮೇಲೆ ಆ ಕಂಬಳಿ ಯಾರ ಮೇಲೂ ಬೀಳಲಿಲ್ಲ. ಭಾನುವಾರಗಳೂ ಹಾಗೇ ನಿಂತುಹೋದವು...

ತಾತ ತೀರಿಕೊಂಡದ್ದು ನನ್ನ ನಿವೃತ್ತಿಯ ವರ್ಷ. ಗುರುಮಕ್ಕಳು ಹೆಗಲು ಕೊಡಬೇಕು ಅನ್ನುವುದು ಆ ದಾರಿಯ ಕಟ್ಟಳೆ. ಯಾರೂ ಕೊಡಲಿಲ್ಲ, ನಾನೂ ಕೊಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವರ ಮಗಳು ಶಾಲೆಗೆ ಬಂದು, ಬಟ್ಟೆ ಸುತ್ತಿದ ಹರಿವಾಣವನ್ನು ನನ್ನ ಮೇಜಿನ ಮೇಲಿಟ್ಟಳು.

"ಅಪ್ಪಯ್ಯ ಏಳಿತ್ತು ಸಾ. ಮೇಷ್ಟ್ರು ಬೇವಿನ್ ಮರದ್ ಗಂಟ ಬಂದಿದ್ರು ಕನವ್ವ, ಅವ್ರಿಗ್ ಕೊಡು ಅಂತ."

ಅವತ್ತು ಹೊಸ ಬಾಗಿಲಲ್ಲಿ ನಿಂತು ನೋಡುತ್ತಿದ್ದರು ಅಂತಾಯಿತು. ಕೊಟ್ಟದ್ದು ಅಲ್ಲಿಯವರೆಗಾದರೂ ಬಂದೆನೆಂದೋ, ಅಲ್ಲಿಂದ ತಿರುಗಿದೆನೆಂದೋ, ಇವತ್ತಿಗೂ ತಿಳಿಯದು. ಬೋಧೆಯನ್ನು ಗುಟ್ಟಾಗಿಡಿ ಎಂದಿದ್ದರು. ನಾವು ಅವರನ್ನೇ ಗುಟ್ಟಾಗಿಟ್ಟೆವು.

ಹಿಟ್ಟು ಆರಿತ್ತು. ಸೊಸೆ ಅದನ್ನು ಡಬ್ಬಕ್ಕೆ ತುಂಬಿ, ಹರಿವಾಣ ತೊಳೆದು ನನ್ನ ಮುಂದೆ ಹಿಡಿದಳು. ಯಾರದೆಂದು ಹೇಳಲೇ ಇಲ್ಲವಲ್ಲ ಎಂದು ಮತ್ತೆ ಕೇಳಿದಳು.

"ಮದ್ದೂರು ಸಂತೇಲಿ ತಂದಿದ್ದು ಕಣಮ್ಮ," ಅಂದೆ.