ನನ್ನದೇ ರಕ್ತದ ಸ್ಲೈಡು

ಕೋವಿಡ್ ಮುಗಿದ ಮರುವರ್ಷದ ಬೇಸಿಗೆ. ಆಗ ನಾನು ಕುಷ್ಟಗಿಯ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ಎಷ್ಟೋ ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರೂ ನಾನು ಹುಟ್ಟು ಪುಕ್ಕಲಿ. ಕೆಟ್ಟ ಸ್ಲೈಡು ಕಂಡರೆ ಇಂದಿಗೂ ಕೈ ತಣ್ಣಗಾಗುತ್ತದೆ.

ಹನುಮಸಾಗರದ ಶಾಂತವ್ವ ತನ್ನ ಆರು ವರ್ಷದ ಮಗಳನ್ನು ಕರೆತಂದಿದ್ದಳು. ವಾರದಿಂದ ಬಿಡದ ಜ್ವರ. ಬಿಳಿ ರಕ್ತಕಣ ನೋಡಲು ಡಾಕ್ಟರು ಬರೆದಿದ್ದರು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಎಳೆದು, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ, ನೀರು ಬೆರೆಸಿ ತೊಳೆದೆ. ಎಣ್ಣೆ ಹನಿಸಿ ನೂರು ಪಟ್ಟು ಹಿಗ್ಗಿಸಿ ತೋರುವ ಲೆನ್ಸ್ ತಿರುಗಿಸಿದೆ.

ಬಿಳಿಕಣಗಳಲ್ಲಿ ಹೆಚ್ಚಿನವುಗಳ ಕೋಶಕೇಂದ್ರ ಮೂರು-ನಾಲ್ಕು ಹೋಳಾಗಿ, ಸುತ್ತಲ ಕೋಶರಸ ತಿಳಿಗುಲಾಬಿಯಾಗಿ ಕಾಣಬೇಕು. ಇಲ್ಲಿ ಹೋಳೂ ಇಲ್ಲ, ಗುಲಾಬಿಯೂ ಇಲ್ಲ. ಕೋಶದ ತುಂಬ ಒಂದೇ ಕಡುನೀಲಿ ಮುದ್ದೆ. ಬ್ಲಾಸ್ಟ್, ಅಂದರೆ ಬಲಿಯದ ಕಣ, ಹೀಗೇ ಕಾಣುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಅವು ತುಂಬಿಕೊಳ್ಳುತ್ತವೆ. ಸ್ಲೈಡು ಸರಿಸಿ ಬೇರೆ ಕಡೆ ನೋಡಿದೆ, ಅಲ್ಲೂ ಅದೇ.

ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು. “ಏನರ ಐತೇನ್ರಿ ಮೇಡಮ್ಮಾರ? ಭಾಳ ಹೊತ್ತಾತು ನೋಡಾಕತ್ತೀರಿ.”

“ಇನ್ನೊಮ್ಮೆ ನೋಡ್ತೀನವ್ವ, ಕುಂದ್ರು,” ಎಂದೆ.

ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಿತ್ತು. ನನ್ನ ಬೆರಳನ್ನೇ ಚುಚ್ಚಿಕೊಂಡು ಇನ್ನೊಂದು ಸ್ಲೈಡು ಮಾಡಿದೆ. ಅದರಲ್ಲೂ ಅದೇ ಕಡುನೀಲಿ ಮುದ್ದೆಗಳು. ನನಗೂ ಕ್ಯಾನ್ಸರೇ ಎಂದುಕೊಂಡೆ. ನನ್ನ ಮಕ್ಕಳಿಗೆ ಯಾರು ದಿಕ್ಕು ಎಂಬಲ್ಲಿವರೆಗೂ ಯೋಚನೆ ಓಡಿತು. ಇಬ್ಬರಿಗೂ ಒಂದೇ ದಿನ ಒಂದೇ ರೋಗ ಹೇಗೆ ಬಂದೀತು ಎಂಬ ಬುದ್ಧಿ ಬರಲು ತುಸು ಹೊತ್ತೇ ಹಿಡಿಯಿತು. ಎರಡಕ್ಕೂ ಹಾಕಿದ್ದು ಅದೇ ಬಣ್ಣ, ಅದೇ ನೀರು.

ಸಹಾಯಕ ಖಾಸಿಂಸಾಬರನ್ನು ಕರೆದು ನೀರಿನ ಬಾಟಲಿ ತೋರಿಸಿದೆ. “ಇದಕ್ಕ ಯಾವ ನೀರು ಹಾಕೀರಿ?”

“ಡಿಸ್ಟಿಲ್ಡ್ ನೀರ ಮುಗದಿದ್ವುರಿ. ಬೋರಿನ ನೀರ ತುಂಬೀನಿ. ನೋಡಾಕ ಸ್ವಚ್ಛ ಅದಾವಲ್ರಿ.”

ಬೋರಿನ ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರ ಕ್ಷಾರಕ್ಕೆ ಲೀಶ್ಮನ್ ಬಣ್ಣವೂ ಕೆಟ್ಟು ಎಲ್ಲವನ್ನೂ ನೀಲಿಯಾಗಿಸುತ್ತದೆ. ಪಕ್ಕದ ಆಸ್ಪತ್ರೆಯಿಂದ ಡಿಸ್ಟಿಲ್ಡ್ ನೀರು ತರಿಸಿ ಎರಡೂ ಸ್ಲೈಡು ಹೊಸದಾಗಿ ಮಾಡಿದೆ. ನನ್ನದರಲ್ಲಿ ಹೋಳುಗಳು ಬಿಡಿಬಿಡಿಯಾಗಿ ಕಂಡವು. ಆಮೇಲೆ ಮಗುವಿನದನ್ನು ಲೆನ್ಸಿನಡಿ ಇಟ್ಟೆ. ನೀರು ತಪ್ಪಿತ್ತೆಂದ ಮಾತ್ರಕ್ಕೆ ರೋಗವಿಲ್ಲ ಎಂದಾಗುವುದಿಲ್ಲ. ಮಗುವಿನ ಸ್ಲೈಡಿನಲ್ಲೂ ಹೋಳುಗಳು ಕಂಡವು, ಗುಲಾಬಿಯೂ ಕಂಡಿತು. ಡಾಕ್ಟರು ತಾವೂ ನೋಡಿ, ವೈರಲ್ ಜ್ವರ, ಇಳಿಯುತ್ತದೆ ಎಂದರು.

ಹೊರಡುವಾಗ ಶಾಂತವ್ವ ನನ್ನ ಬೆರಳಿನ ಹತ್ತಿ ನೋಡಿದಳು. “ನಿಮಗೇನಾತ್ರಿ?”

“ಏನಿಲ್ಲವ್ವ, ನಂದೂ ನೋಡ್ಕೊಂಡೆ.”

ಅಂದಿನಿಂದ ದಿನದ ಮೊದಲ ಸ್ಲೈಡು ನನ್ನದೇ ರಕ್ತದ್ದು. ಹೆದರುವುದಿದ್ದರೆ ಮೊದಲು ನಾನು ಹೆದರಬೇಕು, ಹೊರಗೆ ಕೂತ ತಾಯಿಯಲ್ಲ.