ಖಾರ ಹತ್ತಿದೆ ಎಂದವಳು ನಾನು

ನನ್ನ ತಂಗಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಒಣಗಿದ ಕಾಯಿಯ ತೊಟ್ಟನ್ನು ಮುರಿದು ತೆಗೆಯುವುದು, ಅಷ್ಟೇ ಕೆಲಸ. ಸುಗ್ಗಿಯಲ್ಲಿ ಅವಳ ಬೆರಳುಗಳು ಕೆಂಪಗೇ ಇರುತ್ತವೆ. ಮನೆಗೆ ಬಂದವಳು ನೆಟ್ಟಗೆ ಬಚ್ಚಲಿಗೆ ಹೋಗಿ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಕೈ ತಿಕ್ಕುತ್ತಾಳೆ, ಆಮೇಲೆ ಸಾಬೂನು, ಆಮೇಲೆ ಒಂದಿಷ್ಟು ಮಜ್ಜಿಗೆ. ಇಷ್ಟೆಲ್ಲ ಆದ ಮೇಲೆಯೇ ಮಗಳನ್ನು ಎತ್ತಿಕೊಳ್ಳುವುದು. ಆ ಹುಡುಗಿಗೂ ಇದು ರೂಢಿ. ಅವ್ವ ಬಚ್ಚಲಿನಿಂದ ಬರುವವರೆಗೆ ಹೊಸ್ತಿಲ ಮೇಲೆ ಕೂತು ಕಾಯುತ್ತಾಳೆ.

ನಾನು ಅದೇ ಓಣಿಯಲ್ಲಿ ಇದ್ದೇನೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಒಂದು ನರ್ಸರಿಯಲ್ಲಿ ಆಯಾ ಕೆಲಸ ಸಿಕ್ಕಿತು. ಮಕ್ಕಳನ್ನು ವ್ಯಾನಿನಿಂದ ಇಳಿಸಿಕೊಳ್ಳುವುದು, ಮೂಗು ಒರೆಸುವುದು, ಊಟಕ್ಕೆ ಕೂಡಿಸುವುದು ನನ್ನ ಪಾಲಿಗೆ. ನನ್ನ ಮಗನೂ ತಂಗಿಯ ಮಗಳೂ ಅಲ್ಲಿಯೇ ಒಂದೇ ಕೋಣೆಯಲ್ಲಿ ಕೂಡುತ್ತಿದ್ದರು. ಅವನು ಅವಳಿಗಿಂತ ಒಂದು ವರ್ಷ ದೊಡ್ಡವನು. ಇಬ್ಬರನ್ನೂ ಕರೆದುಕೊಂಡು ಹೋಗಿ ಬರುವವಳು ನಾನೇ. "ನೀ ಅದೀ ಅಂತ ನಂಗ ಚಿಂತಿ ಇಲ್ಲ ಬಿಡಕ್ಕಾ" ಎಂದು ತಂಗಿ ಎಷ್ಟೋ ಸಲ ಅಂದಿದ್ದಾಳೆ.

ಒಂದು ದಿನ ನಮ್ಮ ಹೆಡ್ ಮೇಡಂ ಹಾವೇರಿಯಲ್ಲಿ ಮೀಟಿಂಗ್ ಮುಗಿಸಿ ಬಂದು ನಮ್ಮನ್ನೆಲ್ಲ ಕೂಡಿಸಿದರು. ಮಕ್ಕಳ ರಕ್ಷಣೆಗೆ ನಮ್ಮ ಶಾಲೆಯ ನಿಯಮ ಬರೆಯಬೇಕು ಎಂದರು. ಗೇಟಿನ ಕೀಲಿ, ವ್ಯಾನಿನ ಡ್ರೈವರ್, ಗುರುತಿಲ್ಲದವರ ಕೈಯಲ್ಲಿ ಮಗು ಕೊಡಬಾರದು ಎನ್ನುವುದು ಎಲ್ಲರಿಗೂ ತಿಳಿಯಿತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು.

"ಒಂದು ಕೂಸು ಇನ್ನೊಂದು ಕೂಸಿಗೆ ನೋವು ಮಾಡಿದ್ರ ಅದನ್ನ ಹುಡುಗ್ರ ಜಗಳ ಅಂತ ಬಿಡಂಗಿಲ್ಲ. ಮತ್ತ ಮತ್ತ ಅದ ಕೂಸಿಗೆ ಆಗಾಕತ್ತಿದ್ರ ಅಂತೂ ಬಿಡಂಗಿಲ್ಲ. ನೋಡಿದವರು ಅವತ್ತ ನನಗ ಹೇಳಬೇಕು. ಎರಡೂ ತಾಯಂದಿರಿಗೆ ನಾ ಹೇಳ್ತೀನಿ. ಹೊಡದ ಕೂಸಿಗೆ ಕೆಟ್ಟದು ಅಂತ ಹೆಸರಿಡಬ್ಯಾಡ್ರಿ, ಅದು ಎಲ್ಲಿ ಕಲೀತು ಅಂತ ನೋಡ್ರಿ."

ನನಗೆ ನಗು ಬಂತು. "ಹಂಗಾರ ದಿನಾ ಕೋರ್ಟ್ ನಡೀತೈತಿ ನೋಡ್ರಿ ಮೇಡಂ ಇಲ್ಲೆ. ಜಡ್ಜ್ ನೀವು, ಪೊಲೀಸ್ ನಾ" ಎಂದೆ. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, "ಪೊಲೀಸ್ ಆಗವಾ, ಬ್ಯಾಡ ಅಂದವರ‍್ಯಾರು. ಕಂಡದ್ದು ಹೇಳಿದ್ರ ಸಾಕು" ಎಂದರು.

ಸ್ವಲ್ಪ ದಿನಕ್ಕೇ ಕಂಡೆ. ನೀರಿನ ಟಾಕಿಯ ಹಿಂದೆ ನನ್ನ ಮಗ ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದ. ಅಂಗಿಯ ತೋಳಿನ ಒಳಗೆ ಕೈ ಹಾಕಿ, ರಟ್ಟೆಯ ಮೆತ್ತಗಿನ ಜಾಗ ಹುಡುಕಿ, ಚಿವುಟಿ ತಿರುವುತ್ತಿದ್ದ. ಸಿಟ್ಟಿನ ಮುಖವೂ ಅಲ್ಲ. "ಅಳಬ್ಯಾಡ. ಅತ್ರ ಇನ್ನೊಂದು" ಎಂದು ಮೆಲ್ಲಗೆ ಹೇಳುತ್ತಿದ್ದ. ಅವಳು ಅಳುತ್ತಿರಲಿಲ್ಲ. ಅವಳ ಕಣ್ಣಷ್ಟೇ ದೊಡ್ಡದಾಗಿತ್ತು.

ಆ ಮಾತು ಅವನಿಗೆ ಎಲ್ಲಿಂದ ಬಂತು ಎಂದು ಆಗಲೇ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅವನಿಗೆ ಒಂದು ಏಟು ಹಾಕಿ, ಅವಳ ಕೈಗೆ ಬಿಸ್ಕೀಟು ಕೊಟ್ಟು, ಇಬ್ಬರ ಕಿರುಬೆರಳು ಕೂಡಿಸಿ ದೋಸ್ತಿ ಮಾಡಿಸಿದೆ. ಆಮೇಲೆ ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ: "ಅವ್ವಗ ಹೇಳಬ್ಯಾಡವಾ. ಅಣ್ಣಗ ಬೈತಾಳ." ಅವಳು ತಲೆಯಾಡಿಸಿದಳು. ನನ್ನ ಮಾತು ಅವಳು ಯಾವತ್ತೂ ಮೀರಿದವಳಲ್ಲ.

ಮೇಡಂಗೂ ಹೇಳಲಿಲ್ಲ. ನೋಡಿದವಳೂ ನಾನೇ, ಮಾಡಿದವನ ತಾಯಿಯೂ ನಾನೇ. ಆಯಾಳ ಮಗನೇ ಹೀಗೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ಹೆದರಿದೆ. ಗೆಳೆತನ ಬೆಳೆಯಲಿ ಎಂದು ಊಟಕ್ಕೆ ಇಬ್ಬರನ್ನೂ ಪಕ್ಕಪಕ್ಕ ಕೂಡಿಸಲು ಶುರುಮಾಡಿದೆ. ಅವನ ಕೈಗೆ ಅವಳನ್ನು ನಾನೇ ಒಪ್ಪಿಸಿದ ಹಾಗಾಯಿತು.

ತಂಗಿಗೆ ಕಲೆ ಕಂಡದ್ದು ಮಗಳಿಗೆ ನೀರು ಎರೆಯುವಾಗ. ನನ್ನನ್ನು ಕರೆದು ತೋರಿಸಿದಳು. ರಟ್ಟೆಯ ಒಳಬದಿಗೆ ಕೆಂಪು, ಪಕ್ಕದಲ್ಲಿ ಹಳೆಯದೊಂದು ಹಳದಿಯಾಗುತ್ತಿತ್ತು.

"ಇದೇನಕ್ಕಾ ಇದು?"

"ಖಾರ ಹತ್ತೈತಿ ತೊಗೊ" ಎಂದೆ. ಮೊದಲೇ ಜೋಡಿಸಿಟ್ಟ ಮಾತಲ್ಲ, ಬಾಯಿಗೆ ಬಂತು. ನಮ್ಮ ಊರಲ್ಲಿ ಕಣ್ಣು ಉರಿದರೂ ಖಾರ, ಮೈ ಕೆರೆದರೂ ಖಾರ.

"ಬ್ಯಾಡಗಿ ಕಾಯಿಗೆ ಬಣ್ಣ ಅಷ್ಟ ಐತಿ. ಖಾರ ಎಲ್ಲೈತಿ?"

"ಈಗ ಗುಂಟೂರ ಕಾಯಿನೂ ಬರ್ತೈತಲ್ಲ. ಎಷ್ಟು ತಿಕ್ಕಿದ್ರೂ ನಿನ್ನ ಉಗುರಿನ ಸಂದ್ಯಾಗ ಉಳೀತೈತಿ. ಕೂಸಿನ ಮೈ ಅದು, ತಡೀತೈತೇನು?"

ತಂಗಿ ತನ್ನ ಉಗುರು ನೋಡಿಕೊಂಡಳು. ನಾನು ಹೇಳಿದ್ದನ್ನು ನಂಬುವುದು ಅವಳಿಗೂ ಚಿಕ್ಕಂದಿನಿಂದ ರೂಢಿ.

ಅಂದಿನಿಂದ ಮಗಳಿಗೆ ಎರೆಯುವುದನ್ನು ಮನೆಯಲ್ಲಿದ್ದ ತನ್ನ ಅತ್ತೆಗೆ ಬಿಟ್ಟಳು. ಜಡೆ ಹಾಕುವುದು ನಿಂತಿತು. ಎತ್ತಿಕೊಳ್ಳಲೇಬೇಕಾದರೆ ಹಳೆಯ ಸೀರೆಯ ತುಂಡನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ರಾತ್ರಿ ಮಗಳು ಅಜ್ಜಿಯ ಮಗ್ಗುಲಿಗೆ ಮಲಗಿದಳು. ಒಂದು ದಿನದ ಕೆಲಸ ಬಿಟ್ಟು ರಾಣೇಬೆನ್ನೂರಿನ ಚರ್ಮದ ಡಾಕ್ಟರ ಹತ್ತಿರ ಹೋಗಿ, "ನನ್ನ ಕೈದ ಖಾರ್ರೀ" ಎಂದು ತಾನೇ ಹೇಳಿ ಮುಲಾಮು ತಂದಳು. ಮುಲಾಮು ಹಚ್ಚಿದರೂ ಹೊಸ ಕಲೆ ಏಳುತ್ತಿತ್ತು. ಏಳದೆ ಏನು, ನಾನು ಮಗನಿಗೆ ಬೈಯುತ್ತಿದ್ದೆ. ಅವನು ಬೇರೆ ಜಾಗ ಹುಡುಕುತ್ತಿದ್ದ. ತಂಗಿ ಮಗಳಿಂದ ಒಂದು ಮಾರು ದೂರ ಕೂತು ಅವಳು ಉಣ್ಣುವುದನ್ನು ನೋಡುತ್ತಿದ್ದಳು. ನಾನು ಅದನ್ನೂ ನೋಡಿದೆ, ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಆ ಹುಡುಗಿಯೇ. ಒಂದು ಮಧ್ಯಾಹ್ನ ಶಾಲೆಯ ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಫ್ರಾಕಿನ ತೋಳು ಮೇಲೇರಿಸಿ, ಕೈ ತೊಳೆಯುವ ಸಾಬೂನಿನಿಂದ ರಟ್ಟೆ ತಿಕ್ಕುತ್ತಿದ್ದಳು. ಫ್ರಾಕೆಲ್ಲ ತೊಯ್ದಿತ್ತು.

"ಏನ್ ಮಾಡಾಕತ್ತೀಯವಾ?"

"ಖಾರ ತೊಳ್ಯಾಕತ್ತೇನಿ ದೊಡ್ಡವ್ವಾ. ಎಲ್ಲಾ ಹೋದ್ರ ಅವ್ವ ಎತ್ಗೋತಾಳ."

ಅವಳಿಗೆ ಚಿವುಟಿದ್ದು ಯಾರು ಎಂದು ಗೊತ್ತು. ಆದರೂ ನಾನು ಖಾರ ಎಂದದ್ದಕ್ಕೆ ಖಾರವೇ ಎಂದು ನಂಬಿದ್ದಳು. ಸಾಬೂನು ಕಸಿದುಕೊಂಡು ನನ್ನ ಸೆರಗಿನಿಂದ ಅವಳ ತೋಳು ಒರೆಸಿದೆ.

ಅಲ್ಲಿಂದಲೇ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. "ಪೊಲೀಸ್ ಆಗ್ತೀನಿ ಅಂದಿದ್ದಿ" ಎಂದರು ಅವರು. ಕೆಲಸ ಬಿಡಿಸಲಿಲ್ಲ. ಮಗನನ್ನು ಟೀಚರ ಪಕ್ಕ ಕೂಡಿಸಿದರು, ನನ್ನನ್ನು ಬೇರೆ ಕಡೆ ಹಾಕಿದರು. "ಸ್ವಂತ ಕೂಸು ಇರೋ ಖೋಲ್ಯಾಗ ಆಯಾ ಇರಬಾರದು. ಇದನ್ನೂ ನಿಯಮದಾಗ ಬರೀತೀನಿ. ನನಗ ಹೊಳೆದಿದ್ದಿಲ್ಲ" ಎಂದರು. ತಂಗಿಗೆ ತಾವೇ ಹೇಳುತ್ತೇನೆ ಎಂದರು. ಅದೊಂದು ನಾನೇ ಹೇಳುತ್ತೇನೆ ಎಂದು ಬೇಡಿಕೊಂಡೆ.

ಸಂಜೆ ತಂಗಿ ಬಚ್ಚಲಲ್ಲಿ ಕೈಗೆ ಮಜ್ಜಿಗೆ ಹಾಕಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನಿಂತೇ ಹೇಳಿದೆ. ಅವಳ ಕೈಯ ಮಜ್ಜಿಗೆ ಮೊಣಕೈವರೆಗೆ ಇಳಿಯಿತು.

"ಹಂಗಾರ ನನ್ನ ಕೈಯಾಗ ಏನೂ ಇರಲಿಲ್ಲ?"

"ಇರಲಿಲ್ಲ."

"ಇಷ್ಟು ದಿನಾ ನೋಡ್ಕೋಂತ ಕುಂತಿದ್ದಿಯಲ್ಲ ಅಕ್ಕಾ."

ಅವಳು ಕೈ ತೊಳೆದು, ಒರೆಸದೆ, ಹೊಸ್ತಿಲಿಗೆ ಬಂದಳು. ಮಗಳು ಎದ್ದು ನಿಂತಳು, ಆದರೆ ರೂಢಿಯಂತೆ ಹಿಂದೆ ಸರಿದಳು. ತಂಗಿ ಬರಿಗೈ ಚಾಚಿದಳು. ಹುಡುಗಿ ಒಂದೊಂದೇ ಬೆರಳು ಮೂಸಿ ನೋಡಿ, "ಖಾರ ಹೋತೇನವ್ವಾ?" ಎಂದಳು. ತಂಗಿ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ನನ್ನನ್ನು ಒಳಗೆ ಕರೆಯಲೂ ಇಲ್ಲ.

ಮುಂದಿನ ರವಿವಾರ ತಂಗಿ ನನ್ನ ಮಗನನ್ನು ಕಳಿಸಬೇಕೆಂದು ಹೇಳಿ ಕಳಿಸಿದಳು. ಬೈಯಲು ಎಂದುಕೊಂಡು ನಾನೂ ಹಿಂದೆ ಹೋದೆ. ಮಗಳ ಎರೆದುಕೊಳ್ಳುವುದು ಮುಗಿದಿತ್ತು. ಉಳಿದ ಬಿಸಿನೀರಿಗೆ ಇವನನ್ನು ಕೂಡಿಸಿ, ಚಡ್ಡಿ ಬಿಚ್ಚಿ, ಬೆನ್ನು ತಿಕ್ಕುತ್ತಿದ್ದಳು. ಅವನು ಕುತ್ತಿಗೆ ಬಗ್ಗಿಸಿ ಕೂತಿದ್ದ. ಅವಳ ಕೈ ಅವನ ತೊಡೆಯ ಒಳಬದಿಗೆ ಬಂದು ನಿಂತಿತು. ಅಲ್ಲಿ ಉಗುರಿನ ಕಲೆಗಳಿದ್ದವು.

"ಇದೂ ಖಾರನ, ಅಕ್ಕಾ?"

ಶಾಲೆಯಲ್ಲಿ ಅವನು ಸುಮ್ಮನಿರಲಿ, ನನ್ನ ಕೆಲಸಕ್ಕೆ ಕುತ್ತು ಬಾರದಿರಲಿ ಎಂದು, ಯಾರಿಗೂ ಕಾಣದ ಜಾಗದಲ್ಲಿ ಮೊದಲಿನಿಂದಲೂ ನಾನು ಅವನನ್ನು ಚಿವುಟುತ್ತಿದ್ದೆ. ಅಳಬ್ಯಾಡ, ಅತ್ರ ಇನ್ನೊಂದು ಎನ್ನುತ್ತಿದ್ದವಳು ನಾನೇ.

"ಅಲ್ಲ. ಅದು ನನ್ನ ಕೈ" ಎಂದೆ.

ತಂಗಿ ಸರಿದು ಜಾಗ ಬಿಟ್ಟಳು. ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಹಾಕು. ಮೆಲ್ಲಕ ಹಾಕು" ಎಂದಳು.

ಕೂತು, ಆ ಕಲೆಯ ಮೇಲೆ ಅಂಗೈ ಇಟ್ಟು ನೀರು ಹಾಕಿದೆ. ನನ್ನ ಕೈ ತಾಗಿದ ಕೂಡಲೆ ಅವನ ತೊಡೆ ಬಿಗಿಯಿತು. ಅದು ಸಡಿಲಾಗುವವರೆಗೆ ಹಾಕುತ್ತಲೇ ಇದ್ದೆ.